ಏರುವ ಧೈರ್ಯ, ಇಳಿಯುವ ಅರಿವು

ಶಿಖರವೆಂಬ ಮಾತು ನಮ್ಮ ಸೀಮೆಯ ಭಕ್ತರಿಗೆ ಹೊಸದಲ್ಲ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಶ್ರೀ ಮರುಳಸಿದ್ಧೇಶ್ವರನ ಜಾತ್ರೆಯ ಕಾಲಕ್ಕೆ ದೇವಾಲಯದ ಶಿಖರಕ್ಕೇ ತೈಲಾಭಿಷೇಕ ನಡೆಯುವುದನ್ನು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸುತ್ತಣ ಗೃಹಸ್ಥರು ಕಣ್ಣಾರೆ ಕಂಡವರೇ ಆಗಿದ್ದಾರೆ. ಹರಪನಹಳ್ಳಿಯ ಸೀಮೆಯಲ್ಲಿ ಉಚ್ಚಂಗಿದುರ್ಗದ ಬೆಟ್ಟವನ್ನು ಮಕ್ಕಳು ಮುದುಕರೆನ್ನದೆ ಏರುತ್ತಾರೆ. ಹಡಗಲಿಯ ಸೀಮೆಯ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುತ್ತಾನೆ. ಹೀಗೆ ಏರುವುದೆಂದರೆ ನಮ್ಮಲ್ಲಿ ಒಂದು ಪುಣ್ಯಕಾರ್ಯದ ಹೆಸರಾಗಿಯೇ ನಿಂತಿದೆ. ಏರಿದವನನ್ನು ಹೊಗಳುವುದೂ, ನಡುದಾರಿಯಲ್ಲಿ ಮರಳಿದವನನ್ನು ಕಂಡು ನಗುವುದೂ ಲೋಕದ ರೂಢಿಯಾಗಿದೆ. ಆದರೆ ಈ ರೂಢಿಯು ಧರ್ಮಸಮ್ಮತವೇ? ಶಿಖರವು ಕಣ್ಣೆದುರಿಗೇ ಕಾಣುತ್ತಿರುವಾಗ, ಕಾಲಿನಲ್ಲಿ ಇನ್ನೂ ಅಷ್ಟಿಷ್ಟು ಕಸುವು ಉಳಿದಿರುವಾಗ, ಅರಿತು ಹಿಂದಿರುಗಿದವನು ಸೋತವನೋ ಗೆದ್ದವನೋ? ಈ ಪ್ರಶ್ನೆಯನ್ನು ಶರಣರ ಬೋಧೆಯ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಈಚಿನ ವರ್ಷಗಳಲ್ಲಿ ಕರ್ನಾಟಕದ ತರುಣ ತರುಣಿಯರು ಚಳಿಗಾಲದ ನಡುವೆಯೇ ಹಿಮಾಲಯಕ್ಕೆ ಹೊರಡುತ್ತಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ನಮ್ಮ ಹಳ್ಳಿಗಳ ಮಕ್ಕಳೂ ಅವರಲ್ಲಿ ಸೇರಿರುವುದುಂಟು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಕೇದಾರಕಂಠವೆಂಬ ಪರ್ವತವಿದೆ. ಅದರ ಎತ್ತರ ಸುಮಾರು ೧೨,೫೦೦ ಅಡಿ. ಕೇದಾರಕಂಠವೆಂದರೆ ಶಿವನ ಕಂಠ. ಶಿವನು ಮೊದಲು ಅಲ್ಲಿ ತಪಸ್ಸಿಗೆ ನೆಲಸಿದ್ದು, ಬಳಿಕ ಅಲ್ಲಿಂದ ಕೇದಾರಕ್ಕೆ ತೆರಳಿದನೆಂಬ ಐತಿಹ್ಯವನ್ನು ಅಲ್ಲಿಯ ಜನ ಹೇಳುತ್ತಾರೆ. ಸಾಂಕ್ರಿ ಎಂಬ ಹಳ್ಳಿಯಿಂದ ಹೊರಟು, ದೇವದಾರು ಪೈನ್ ಮರಗಳ ಕಾಡನ್ನು ದಾಟಿ, ಹಿಮದಲ್ಲಿ ಡೇರೆ ಹಾಕಿಕೊಂಡು, ಕಡೆಯ ದಿನ ನಸುಕಿಗೂ ಮುಂಚೆ ಎದ್ದು ಶಿಖರದ ಕಡೆಗೆ ನಡೆಯುತ್ತಾರೆ. ಹೀಗೆ ನಸುಕಿಗೆ ಮುಂಚೆ ಹೊರಡುವುದಕ್ಕೂ ಕಾರಣವುಂಟು. ರಾತ್ರಿಯ ಚಳಿಗೆ ಗಟ್ಟಿಕಟ್ಟಿದ ಹಿಮವು ಬೆಳಗಿನ ಜಾವದಲ್ಲಿ ಕಲ್ಲಿನಂತೆ ಕಾಲನ್ನು ಹೊರುತ್ತದೆ. ಬಿಸಿಲೇರಿದಂತೆ ಅದೇ ಹಿಮವು ಮೆದುವಾಗಿ ಮೊಳಕಾಲುದ್ದ ಕಾಲನ್ನು ನುಂಗುತ್ತದೆ. ಮಧ್ಯಾಹ್ನ ಕಳೆದರೆ ಮೋಡ ಕವಿಯುವ ಭಯವೂ ಇರುತ್ತದೆ.

ಮುಂಗಾರಿನಲ್ಲಿ ಎರೆಹೊಲದೊಳಗೆ ನಡೆದವರಿಗೆ ಕಾಲು ಹೂತುಹೋಗುವುದೆಂದರೇನೆಂದು ಹೇಳಬೇಕಾಗಿಲ್ಲ. ಹೊಸ ಹಿಮದಲ್ಲಿ ನಡೆಯುವುದೂ ಹಾಗೆಯೇ. ಒಂದು ಕಾಲನ್ನು ಕಿತ್ತು ಮುಂದಿಡುವಷ್ಟರಲ್ಲಿ ಇನ್ನೊಂದು ಕಾಲು ಹೂತಿರುತ್ತದೆ. ಶೀತದೇಶಗಳ ಜನರು ಇದಕ್ಕೆ ಬಹು ಹಿಂದೆಯೇ ಒಂದು ಉಪಾಯವನ್ನು ಕಂಡುಕೊಂಡರು. ಮರದ ಕೋಲನ್ನು ಬಾಗಿಸಿ ಚೌಕಟ್ಟು ಮಾಡಿ, ಅದರ ನಡುವೆ ತೊಗಲಿನ ಬಾರುಗಳನ್ನು ಜರಡಿಯಂತೆ ಹೆಣೆದು, ಅದನ್ನು ಪಾದಕ್ಕೆ ಕಟ್ಟಿಕೊಂಡು ನಡೆದರು. ಮನುಷ್ಯನ ಭಾರವೇನೂ ಕಡಿಮೆಯಾಗಲಿಲ್ಲ. ಆ ಭಾರವು ಅಗಲವಾದ ಜಾಗದ ಮೇಲೆ ಹಂಚಿಹೋಯಿತು, ಹಿಮವು ಅದನ್ನು ತಾಳಿಕೊಂಡಿತು. ಕಾಶ್ಮೀರದಲ್ಲಿ ಭತ್ತದ ಹುಲ್ಲನ್ನು ಹೆಣೆದು ಮಾಡಿದ ಪಾದರಕ್ಷೆಯನ್ನು ಬಡವರು ಹಿಮದಲ್ಲಿ ತೊಡುತ್ತಿದ್ದರು. ಇಂದು ಗಟ್ಟಿಹಿಮದಲ್ಲಿ ಜಾರದಿರಲೆಂದು ಬೂಟಿನ ಅಡಿಗೆ ಕಬ್ಬಿಣದ ಮುಳ್ಳುಗಳ ಸರಪಳಿಯನ್ನು ಬಿಗಿಯುತ್ತಾರೆ. ಇವೆಲ್ಲವೂ ಮನುಷ್ಯನ ಜಾಣ್ಮೆಯ ಫಲ. ಆದರೆ ಪಾದವನ್ನು ಅಗಲ ಮಾಡುವ ಸಾಧನ ಪೇಟೆಯಲ್ಲಿ ದೊರೆಯುತ್ತದೆ. ಮನಸ್ಸನ್ನು ಅಗಲ ಮಾಡುವ ಸಾಧನವನ್ನು ಹೋಗುವವನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. 'ನಾನು' ಎಂಬ ಒಂದೇ ಬಿಂದುವಿನ ಮೇಲೆ ತನ್ನ ಭಾರವನ್ನೆಲ್ಲ ಊರಿ ನಿಂತವನು ಎಲ್ಲಿಯೂ ಹೂತುಹೋಗುವನು. ತನ್ನವರು, ಜೊತೆಯವರು, ಮನೆಯಲ್ಲಿ ಕಾದಿರುವವರು, ಇವರೆಲ್ಲರ ಮೇಲೆ ತನ್ನ ಬಾಳನ್ನು ಹರಡಿಕೊಂಡವನನ್ನು ಲೋಕವು ಹೊರುತ್ತದೆ.

ಹಿಮದ ನಡಿಗೆಯಲ್ಲಿ ಇನ್ನೊಂದು ಪದ್ಧತಿಯುಂಟು. ಅದು ದಾಸೋಹದ ಅರ್ಥವನ್ನು ಬಲ್ಲವರು ಗಮನಿಸತಕ್ಕದ್ದು. ಹೊಸ ಹಿಮದಲ್ಲಿ ಸಾಲಾಗಿ ನಡೆಯುವಾಗ ಎಲ್ಲರಿಗಿಂತ ಮುಂದಿರುವವನ ದುಡಿಮೆಯೇ ಹೆಚ್ಚು. ಅವನು ತುಳಿದು ಮಾಡಿದ ಕುಳಿಯಲ್ಲಿ ಹಿಂದಿನವನು ಕಾಲಿಡುತ್ತಾನೆ, ಅವನ ಹಿಂದಿನವನಿಗೆ ದಾರಿ ಇನ್ನೂ ಸುಗಮವಾಗುತ್ತದೆ. ಆದುದರಿಂದ ಮುಂದಿನವನು ಸ್ವಲ್ಪ ಹೊತ್ತು ನಡೆದು, ಪಕ್ಕಕ್ಕೆ ಸರಿದು ನಿಂತು, ಎಲ್ಲರೂ ಮುಂದೆ ಹೋದ ಮೇಲೆ ಸಾಲಿನ ಕೊನೆಗೆ ಸೇರಿಕೊಳ್ಳುತ್ತಾನೆ, ಎರಡನೆಯವನು ಮುಂದಾಳಾಗುತ್ತಾನೆ. ಇಲ್ಲಿ ಮುಂದೆ ಇರುವುದೆಂದರೆ ಹಿರಿಮೆಯಲ್ಲ, ಹೊರೆ. ಹಿಂದೆ ಸರಿಯುವುದೆಂದರೆ ಅವಮಾನವಲ್ಲ, ಸರದಿ. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದಲೂ ಇತರ ಊರುಗಳಿಂದಲೂ ಕಾಲ್ನಡಿಗೆಯಲ್ಲಿ ಬರುವ ಸಾವಿರಾರು ಭಕ್ತರನ್ನು ಕಂಡವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ದಾರಿಯ ಪಕ್ಕದಲ್ಲಿ ನೀರು, ಮಜ್ಜಿಗೆ, ಅನ್ನವನ್ನು ನೀಡುತ್ತ ನಿಂತ ಗೃಹಸ್ಥನು ಒಂದು ಹೆಜ್ಜೆಯನ್ನೂ ನಡೆದಿರುವುದಿಲ್ಲ. ಆದರೂ ಆ ಯಾತ್ರೆಯ ಫಲದಲ್ಲಿ ಅವನಿಗೆ ಪಾಲಿಲ್ಲವೆಂದು ಹೇಳುವ ಭಕ್ತನು ಯಾರು?

ಇನ್ನು ಎತ್ತರದ ವಿಷಯ. ೧೨,೫೦೦ ಅಡಿಯ ಮೇಲೆ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ದೇಹವು ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಅವಸರದಿಂದ ಏರಿದವನಿಗೆ ಮೊದಲು ತಲೆನೋವು, ವಾಕರಿಕೆ, ನಿದ್ರಾಹೀನತೆಗಳು ತೋರುತ್ತವೆ. ಅವನ್ನು ಲಕ್ಷಿಸದೆ ಇನ್ನೂ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬುವುದೂ, ಮಿದುಳು ಬಾತುಕೊಳ್ಳುವುದೂ ಉಂಟು. ಈ ವ್ಯಾಧಿಗೆ ವೈದ್ಯರು ಹೇಳುವ ಮುಖ್ಯವಾದ ಚಿಕಿತ್ಸೆಯು ಒಂದೇ: ತಡಮಾಡದೆ ಕೆಳಗೆ ಇಳಿಯುವುದು. ಔಷಧಗಳಿವೆ, ಕೃತಕವಾಗಿ ಪ್ರಾಣವಾಯುವನ್ನು ಕೊಡುವ ಸಾಧನಗಳಿವೆ. ಅವು ಇಳಿಯುವವರೆಗೆ ಆಸರೆಯಾಗುವುವೇ ಹೊರತು ಇಳಿಯುವುದಕ್ಕೆ ಬದಲಾಗಲಾರವು. ಏರಿದುದರಿಂದ ಬಂದ ರೋಗಕ್ಕೆ ಇಳಿಯುವುದೇ ಮದ್ದೆಂಬುದು ಎಷ್ಟು ಸರಳವಾದ ಮಾತು! ಆದರೂ ಮನುಷ್ಯನಿಗೆ ಇದಕ್ಕಿಂತ ಕಹಿಯಾದ ಮದ್ದು ಮತ್ತೊಂದಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಯ ಗಂಟು ಇರುವುದು. ಎತ್ತರದ ವ್ಯಾಧಿಯು ಕಾಲನ್ನು ಮಾತ್ರ ತಡವರಿಸುವುದಿಲ್ಲ, ವಿವೇಕವನ್ನೂ ಮಸುಕುಗೊಳಿಸುತ್ತದೆ. ಯಾವ ಬುದ್ಧಿಯಿಂದ 'ಇನ್ನು ಸಾಕು' ಎಂದು ನಿಶ್ಚಯಿಸಬೇಕೋ ಆ ಬುದ್ಧಿಯೇ ಆ ಹೊತ್ತಿಗೆ ಕದಡಿರುತ್ತದೆ. ಅದರೊಡನೆ ಆಸೆಯೂ ಸೇರಿಕೊಳ್ಳುತ್ತದೆ. 'ಇಷ್ಟು ದೂರ ಬಂದಾಯಿತು, ಇಷ್ಟು ಹಣ ಕಳೆದಾಯಿತು, ಊರವರಿಗೆಲ್ಲ ಹೇಳಿಯಾಯಿತು, ಇನ್ನು ನೂರು ಹೆಜ್ಜೆ ಮಾತ್ರ' ಎಂದು ಅದು ವಾದಿಸುತ್ತದೆ. ಈ ವಾದದಲ್ಲಿರುವ ದೋಷವನ್ನು ಗಮನಿಸಬೇಕು. ನಡೆದುಬಂದ ದೂರವು ಕಳೆದುಹೋದುದು. ಅದು ಮುಂದಿನ ಹೆಜ್ಜೆಯನ್ನು ಸುರಕ್ಷಿತಗೊಳಿಸಲಾರದು. ಹಿಂದೆ ಪಟ್ಟ ಶ್ರಮದ ಮೇಲಣ ಮಮತೆಯು ಮುಂದೆ ಬರುವ ಅಪಾಯಕ್ಕೆ ಉತ್ತರವಾಗಲಾರದು. ಆದುದರಿಂದ ಅನುಭವಿಗಳಾದ ಪರ್ವತಾರೋಹಿಗಳು ಹೊರಡುವ ಮುನ್ನವೇ, ಬುದ್ಧಿ ತಿಳಿಯಾಗಿರುವಾಗಲೇ, ಒಂದು ಗಳಿಗೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆ ಗಳಿಗೆ ಬಂದಾಗ ಶಿಖರವು ಎಷ್ಟೇ ಹತ್ತಿರವಿರಲಿ, ಅಲ್ಲಿಂದ ಮರಳತಕ್ಕದ್ದೆಂದು ಕಟ್ಟುಮಾಡಿಕೊಳ್ಳುತ್ತಾರೆ.

ಇದಕ್ಕೆ ಶರಣರ ಮಾತಿನಲ್ಲಿ ಹೇಳುವುದಾದರೆ ನೇಮವೆಂದು ಹೆಸರು. ನೇಮವೆಂದರೇನು? ತಿಳಿಯಾದ ಮನಸ್ಸು ಕದಡುವ ಮನಸ್ಸಿಗಾಗಿ ಮುಂದಾಗಿಯೇ ಮಾಡಿಟ್ಟ ನಿರ್ಣಯವೇ ನೇಮ. ಹಸಿವಾದಾಗ ಏನನ್ನು ಉಣ್ಣಬೇಕು, ಕೋಪ ಬಂದಾಗ ಏನನ್ನು ನುಡಿಯಬಾರದು, ಧನವು ಎದುರಿಗೆ ಬಿದ್ದಿರುವಾಗ ಎಷ್ಟನ್ನು ಎತ್ತಿಕೊಳ್ಳಬೇಕು ಎಂಬುದನ್ನು ಆ ಕ್ಷಣದ ಮನಸ್ಸಿಗೆ ಬಿಟ್ಟರೆ ಅದು ತನಗೆ ಬೇಕಾದ ತೀರ್ಪನ್ನೇ ಕೊಡುತ್ತದೆ. ಆದುದರಿಂದಲೇ ಶರಣರು ವ್ರತನೇಮಗಳನ್ನು ಬಾಹ್ಯಾಡಂಬರವಾದಾಗ ಜರೆದರೂ, ಅರಿವಿನಿಂದ ಹುಟ್ಟಿದ ನೇಮವನ್ನು ಕೈಬಿಡಲಿಲ್ಲ.

ಆಯ್ದಕ್ಕಿ ಮಾರಯ್ಯನ ಪ್ರಸಂಗವು ವಾಚಕರಿಗೆ ತಿಳಿದದ್ದೇ. ಕಲ್ಯಾಣದ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಪತ್ನಿಯಾದ ಲಕ್ಕಮ್ಮನು ಅದನ್ನು ಕಂಡು ಹರ್ಷಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದುಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಕಳವು ಮಾಡಿರಲಿಲ್ಲ, ಸುಳ್ಳಾಡಿರಲಿಲ್ಲ; ತನಗಾಗಿ ಕೂಡಿಡಲೂ ತಂದಿರಲಿಲ್ಲ. ಆದರೂ ಅಳತೆಯು ಮೀರಿತ್ತು. ಒಳ್ಳೆಯ ಕಾರ್ಯದಲ್ಲಿಯೂ ಅಳತೆಯುಂಟೆಂಬುದನ್ನೂ, ಅಳತೆಯನ್ನು ಮೀರಿದಾಗ ಹಿಂದಿರುಗಿ ನಡೆಯುವುದೇ ಕಾಯಕವೆಂಬುದನ್ನೂ ಆ ತಾಯಿ ತೋರಿಸಿಕೊಟ್ಟಳು. ಹಿಂದಿರುಗಿದ ಮಾರಯ್ಯನನ್ನು ಸೋತವನೆಂದು ನಮ್ಮ ಪರಂಪರೆಯು ಎಂದೂ ಹೇಳಲಿಲ್ಲ. ಕಾಯಕವನ್ನೇ ಕೈಲಾಸವೆಂದು ತಿಳಿದವನ ಮನೆಯಲ್ಲಿಯೇ ಈ ಪ್ರಸಂಗ ನಡೆಯಿತೆಂಬುದನ್ನು ಮರೆಯಲಾಗದು. ಕೈಲಾಸಕ್ಕೆ ಏರುವ ದಾರಿಯು ಅವನ ಪಾಲಿಗೆ ಆ ದಿನ ಹಿಂದಕ್ಕೆ ತಿರುಗಿತ್ತು.

ಈ ಮಾತನ್ನು ಹೇಳುವಾಗ ಈಚೆಗೆ ನಮ್ಮ ನಾಡಿಗೊದಗಿದ ಒಂದು ದುಃಖವು ನೆನಪಿಗೆ ಬರುತ್ತದೆ. ೨೦೨೪ನೆಯ ಇಸವಿಯ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಸಹಸ್ರತಾಲವೆಂಬ ಎತ್ತರದ ಸರೋವರಕ್ಕೆ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವೊಂದು ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳನ್ನೂ ಕೂಡಿ ೨೨ ಜನರಿದ್ದ ಆ ತಂಡದಲ್ಲಿ ೯ ಮಂದಿ ಅಸುನೀಗಿದರು; ಉಳಿದ ೧೩ ಮಂದಿಯನ್ನು ರಕ್ಷಿಸಿ ತರಲಾಯಿತು. ತಿಂಗಳು ಜೂನ್, ನಮ್ಮಲ್ಲಿ ಮುಂಗಾರನ್ನು ಎದುರುನೋಡುವ ಕಾಲ. ಹಿಮಾಲಯದ ಮೇಲ್ತುದಿಗಳಿಗೆ ಪಂಚಾಂಗದ ಹಂಗಿಲ್ಲ. ಮಡಿದವರಲ್ಲಿ ಅನುಭವಿಗಳೂ ಇದ್ದರು, ವಯಸ್ಸಾದವರೂ ಇದ್ದರು. ಅವರನ್ನು ಕುರಿತು ದೂರದಲ್ಲಿ ಬೆಚ್ಚಗೆ ಕುಳಿತು ತಪ್ಪೊಪ್ಪುಗಳನ್ನು ಎಣಿಸುವುದು ಸಜ್ಜನರ ಲಕ್ಷಣವಲ್ಲ. ಅವರ ಆತ್ಮಗಳಿಗೆ ಶಾಂತಿಯನ್ನು ಕೋರುತ್ತ, ಬದುಕಿರುವವರು ಅರಿಯಬೇಕಾದುದನ್ನು ಮಾತ್ರ ಅರಿಯೋಣ. ಶಿಖರವನ್ನು ಮುಟ್ಟಿದರೆ ಯಾತ್ರೆಯು ಅರ್ಧ ಮುಗಿಯಿತೆಂದು ಅರ್ಥ. ಇಳಿಯುವ ಇನ್ನರ್ಧವೂ ಯಾತ್ರೆಯೇ. ಏರುವುದಕ್ಕಾಗಿ ಕಸುವನ್ನೆಲ್ಲ ವೆಚ್ಚ ಮಾಡಿದವನು ಇಳಿಯುವುದಕ್ಕೆ ಏನನ್ನು ಉಳಿಸಿಕೊಂಡಿದ್ದಾನೆ?

ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುತ್ತದೆ. 'ಹಿಂದಿರುಗುವುದೇ ವಿವೇಕವಾದರೆ ಕಲ್ಯಾಣದ ಶರಣರು ಏಕೆ ಹಿಂದಿರುಗಲಿಲ್ಲ? ಹರಳಯ್ಯ ಮಧುವರಸರು ತಾವು ನಂಬಿದ ಸಮತೆಯ ದಾರಿಯಲ್ಲಿ ಎಳೆಹೂಟೆಯ ಶಿಕ್ಷೆಯವರೆಗೂ ನಡೆದರಲ್ಲವೇ? ಅಪಾಯವನ್ನು ಕಂಡು ಮರಳುವುದೇ ಧರ್ಮವಾದರೆ ಅವರ ಮರಣವು ಅವಿವೇಕವಾಗಲಿಲ್ಲವೇ?' ಎಂದು ಕೇಳಬಹುದು. ಈ ಆಕ್ಷೇಪವನ್ನು ತೇಲಿಸಿಬಿಡಲಾಗದು. ಅಪಾಯವಿದ್ದಲ್ಲೆಲ್ಲ ಮರಳಬೇಕೆಂಬುದು ನಮ್ಮ ಸಿದ್ಧಾಂತವಾದರೆ, ಅದು ಹೇಡಿತನಕ್ಕೆ ಧರ್ಮದ ಅಂಗಿಯನ್ನು ತೊಡಿಸಿದಂತಾಗುವುದು.

ಆದರೆ ಹಾಗಲ್ಲ. ಅಪಾಯವೆಷ್ಟೆಂಬುದೊಂದನ್ನೇ ನೋಡಿ ಇಲ್ಲಿ ನಿರ್ಣಯಿಸಲಾಗದು. ಮುಂದಿನ ಹೆಜ್ಜೆಯು ಯಾರಿಗಾಗಿ ಎಂಬುದನ್ನು ಮೊದಲು ಕೇಳಬೇಕು. ೨೦೧೬ನೆಯ ಇಸವಿಯ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ಸುಮಾರು ೧೯,೬೦೦ ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮವು ಕುಸಿದು ಮದ್ರಾಸ್ ರೆಜಿಮೆಂಟಿನ ೧೦ ಮಂದಿ ಯೋಧರು ಅದರಡಿಯಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಒಬ್ಬರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು. ಆರು ದಿನಗಳ ಬಳಿಕ, ಇಪ್ಪತ್ತೈದು ಅಡಿಗೂ ಮೀರಿದ ಹಿಮದ ಅಡಿಯಲ್ಲಿ ಅವರು ಜೀವಸಹಿತ ದೊರೆತರು. ನಾಡೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ ೧೧ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅವರು ಆ ಎತ್ತರದಲ್ಲಿ ಇದ್ದುದು ಶಿಖರದ ಆಸೆಯಿಂದಲ್ಲ. ಅವರ ಕಾಯಕವು ಅವರನ್ನು ಅಲ್ಲಿ ನಿಲ್ಲಿಸಿತ್ತು. ತಮ್ಮ ಹಿಂದಿರುವವರಿಗಾಗಿ ಅವರು ಅಲ್ಲಿ ನಿಂತಿದ್ದರು. ಹರಳಯ್ಯ ಮಧುವರಸರ ಹೆಜ್ಜೆಯೂ ಹಾಗೆಯೇ. ಅವರು ಮರಳಿದ್ದರೆ ಸಮತೆಯ ಮಾತೇ ಸುಳ್ಳಾಗುತ್ತಿತ್ತು. ಚಾರಣಿಗನು ಮರಳಿದರೆ ಯಾವ ಸತ್ಯವೂ ಸುಳ್ಳಾಗುವುದಿಲ್ಲ, ಯಾರ ಆಸರೆಯೂ ತಪ್ಪುವುದಿಲ್ಲ. ತನ್ನದೊಂದು ಬಯಕೆ ಮಾತ್ರ ಈಡೇರದೆ ಉಳಿಯುತ್ತದೆ. ಸತ್ಯಕ್ಕಾಗಿ ಹಿಡಿದದ್ದು ಛಲ. ಬಯಕೆಗಾಗಿ ಹಿಡಿದದ್ದು ಹಟ. ಹೊರಗಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುವುವು, ಬೇಕಾಗಿರುವುದು ಒಳಗಣ್ಣು.

'ಹಾಗಾದರೆ ಹರಕೆಯ ಗತಿಯೇನು? ಕೇದಾರಕ್ಕೆ ಬರುವೆನೆಂದು ಶಿವನಿಗೆ ಮಾತು ಕೊಟ್ಟವನು ನಡುದಾರಿಯಲ್ಲಿ ಮರಳಿದರೆ ದೋಷವಲ್ಲವೇ?' ಎಂದು ಭಕ್ತರು ಕೇಳಬಹುದು. ಇದಕ್ಕೆ ಕೇದಾರವೇ ಉತ್ತರವನ್ನು ಕೊಡುತ್ತದೆ. ಉಜ್ಜಿನಿಯ ಪೀಠಕ್ಕೂ ಹಿಮವತ್ಕೇದಾರದ ಪೀಠಕ್ಕೂ ಇರುವ ಸಂಬಂಧವನ್ನು ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಎರಡೂ ಪಂಚಪೀಠಗಳಲ್ಲಿ ಸೇರಿದವು. ಕೇದಾರನಾಥದ ರಾವಲರು ಕರ್ನಾಟಕದ ವೀರಶೈವ ಜಂಗಮ ಮನೆತನಗಳಿಂದ ಬರುವುದು ಪರಂಪರೆ. ಆ ದೇವಾಲಯವು ೧೧,೭೫೫ ಅಡಿ ಎತ್ತರದಲ್ಲಿ ಮಂದಾಕಿನಿಯ ತೀರದಲ್ಲಿದೆ. ದೀಪಾವಳಿಯ ಬಳಿಕ ಯಮದ್ವಿತೀಯೆಯ ದಿನ ಅದರ ಬಾಗಿಲನ್ನು ಮುಚ್ಚುತ್ತಾರೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಕೆಳಗಿಳಿದು ಊಖಿಮಠದ ಓಂಕಾರೇಶ್ವರ ದೇವಾಲಯಕ್ಕೆ ಬರುತ್ತದೆ. ಚಳಿಗಾಲದ ಆರು ತಿಂಗಳು ಪೂಜೆಯು ಅಲ್ಲಿಯೇ ನಡೆಯುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖಿಮಠದಲ್ಲಿ ಸಾರುತ್ತಾರೆ. ಪಲ್ಲಕ್ಕಿಯು ಇಳಿದುಬರುವಾಗ ಜನರು ಅದನ್ನು ಸೋಲೆಂದು ಭಾವಿಸುವರೇ? ವಾದ್ಯಘೋಷದಿಂದ, ಹೂವುಗಳಿಂದ ಬರಮಾಡಿಕೊಳ್ಳುತ್ತಾರೆ. ದೇವರೇ ಕಾಲವನ್ನರಿತು ಇಳಿಯುವ ಜಾಗದಲ್ಲಿ, ಇಳಿದ ಭಕ್ತನಿಗೆ ದೋಷವನ್ನು ಹೊರಿಸುವವರಾರು? ೨೦೧೩ನೆಯ ಇಸವಿಯ ಜೂನ್ ೧೬, ೧೭ರಂದು ಅದೇ ಕೇದಾರದಲ್ಲಿ ಮಳೆಯೂ ಚೋರಾಬಾರಿ ಸರೋವರದ ನೀರೂ ಕೂಡಿ ಹರಿದು ಸಾವಿರಾರು ಯಾತ್ರಿಕರು ಮಡಿದುದನ್ನು ನೆನೆದಾಗ, ಪರ್ವತದ ಮುಂದೆ ಮನುಷ್ಯನ ಸಂಕಲ್ಪವು ಎಷ್ಟು ಚಿಕ್ಕದೆಂಬುದು ತಾನೇ ವ್ಯಕ್ತವಾಗುತ್ತದೆ. ಕರಸ್ಥಲದಲ್ಲಿ ಇಷ್ಟಲಿಂಗವಿರುವ ಭಕ್ತನು ಕೇದಾರಕ್ಕೆ ಹೋಗುವುದು ಅಲ್ಲಿ ಮಾತ್ರ ಶಿವನಿದ್ದಾನೆಂದಲ್ಲ. ಮರಳಿದವನು ಮೈಮೇಲಣ ಲಿಂಗದೊಡನೆಯೇ ಮರಳುತ್ತಾನೆ. ಅವನು ಏನನ್ನೂ ಬಿಟ್ಟು ಬಂದಿರುವುದಿಲ್ಲ.

ಇದಕ್ಕಿಂತ ಕಠಿಣವಾದ ಸಂದರ್ಭವೊಂದುಂಟು. ಹತ್ತು ಮಂದಿಯ ಗುಂಪಿನಲ್ಲಿ ಒಂಬತ್ತು ಮಂದಿ ಗಟ್ಟಿಯಾಗಿದ್ದು ಒಬ್ಬನು ಕುಗ್ಗಿದರೆ ಆಗ ಏನು ಮಾಡತಕ್ಕದ್ದು? ಅವನನ್ನು ದಾರಿಯಲ್ಲಿ ಕೂರಿಸಿ ಉಳಿದವರು ಶಿಖರಕ್ಕೆ ಹೋಗಿಬರಬಹುದೇ? ಹಿಮದಲ್ಲಿ ಕುಳಿತವನ ಬೆವರು ಹೆಪ್ಪುಗಟ್ಟುತ್ತದೆ, ನಿದ್ರೆಯು ಕವಿಯುತ್ತದೆ. ಒಂಟಿಯಾಗಿ ಕುಳಿತವನು ಮತ್ತೆ ಏಳದಿರಬಹುದು. ಅವನೊಡನೆ ಇಬ್ಬರಾದರೂ ಇಳಿಯಬೇಕು. ದಾರಿ ಕೆಟ್ಟಿದ್ದರೆ ಎಲ್ಲರೂ ಇಳಿಯಬೇಕು. ಆ ಇಬ್ಬರಿಗೆ ಶಿಖರವು ತಪ್ಪುತ್ತದೆ. ಆದರೆ ದಾಸೋಹವೆಂದರೆ ಮಿಕ್ಕದ್ದನ್ನು ಕೊಡುವುದು ಮಾತ್ರವೇ? ತನಗೆ ಬೇಕಾದುದನ್ನೇ ಕೊಟ್ಟಾಗ ಅದು ದಾಸೋಹವೆನಿಸುತ್ತದೆ. ೧೯೦೯ನೆಯ ಇಸವಿಯ ಜನವರಿ ೯ರಂದು ಶ್ಯಾಕಲ್ಟನ್ ಎಂಬ ಸಾಹಸಿಯು ದಕ್ಷಿಣಧ್ರುವಕ್ಕೆ ಕೇವಲ ೧೮೦ ಕಿಲೋಮೀಟರ್ ಉಳಿದಿರುವಾಗ ಹಿಂದಿರುಗಿದನು. ಅಷ್ಟು ದಕ್ಷಿಣಕ್ಕೆ ಅದುವರೆಗೆ ಯಾರೂ ಹೋಗಿರಲಿಲ್ಲ. ಆಹಾರವು ತೀರುತ್ತಿತ್ತು, ಮುಂದುವರಿದರೆ ಧ್ರುವವನ್ನು ಮುಟ್ಟಬಹುದು, ಮರಳಿ ಬರಲಾಗದೆಂದು ಅವನು ಎಣಿಸಿದನು. ಹಿಂದಿರುಗುವ ದಾರಿಯಲ್ಲಿ ತನ್ನ ಪಾಲಿಗೆ ಬಂದ ಒಂದೇ ಬಿಸ್ಕತ್ತನ್ನು ಹಸಿದ ಸಂಗಡಿಗನಿಗೆ ಬಲವಂತದಿಂದ ಕೊಟ್ಟನು. ನಾಲ್ವರೂ ಬದುಕಿ ಬಂದರು. ಮೂರು ವರ್ಷಗಳ ಬಳಿಕ, ೧೯೧೨ರ ಜನವರಿ ೧೭ರಂದು ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಧ್ರುವವನ್ನು ಮುಟ್ಟಿದರು. ಮರಳುವ ದಾರಿಯಲ್ಲಿ ಐವರೂ ಮಡಿದರು. ಸ್ಕಾಟನ ಧೈರ್ಯವನ್ನು ಕಿರಿದೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಶ್ಯಾಕಲ್ಟನ್ನನ ಹಿಂದಿರುಗುವಿಕೆಗೆ ಬೇಕಾದ ಧೈರ್ಯವು ಅದಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ನಮ್ಮ ದೇಶದ ತೇನ್‌ಸಿಂಗನು ೧೯೫೨ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಲ್ಯಾಂಬರ್ಟನೊಡನೆ ಎವರೆಸ್ಟಿನ ಮೇಲೆ ಸುಮಾರು ೨೮,೨೦೦ ಅಡಿಯವರೆಗೆ ಏರಿ ಅಲ್ಲಿಂದ ಮರಳಿದನು. ಮರಳಿ ಬದುಕಿದುದರಿಂದಲೇ ೧೯೫೩ರ ಮೇ ೨೯ರಂದು ಹಿಲರಿಯೊಡನೆ ತುದಿಯನ್ನು ಮುಟ್ಟಲು ಅವನಿಗೆ ಸಾಧ್ಯವಾಯಿತು. ಇದು ಸಂತೋಷದ ಕಥೆ. ಆದರೆ ಮರಳುವುದು ಮರುವರ್ಷ ಗೆಲ್ಲುವುದಕ್ಕಾಗಿ ಎಂದು ಮಾತ್ರ ತಿಳಿದರೆ ಅದೂ ಒಂದು ಬಗೆಯ ವ್ಯಾಪಾರವೇ. ಮುಂದೆಂದೂ ಆ ಶಿಖರವು ದೊರೆಯದೆ ಹೋದರೂ ಮರಳಿದ್ದು ಸರಿಯಾಗಿಯೇ ಉಳಿಯುತ್ತದೆ. ಫಲವನ್ನು ನೋಡಿ ನಡೆಯನ್ನು ಅಳೆಯುವುದು ಲೋಕದ ನ್ಯಾಯ. ಅರಿವನ್ನು ನೋಡಿ ನಡೆಯನ್ನು ಅಳೆಯುವುದು ಶರಣರ ನ್ಯಾಯ.

ಇನ್ನು ಕೈಲಾಸದ ಮಾತು. ಟಿಬೆಟ್ಟಿನಲ್ಲಿರುವ ಕೈಲಾಸಪರ್ವತವು ಸುಮಾರು ೨೧,೭೭೮ ಅಡಿ ಎತ್ತರವಾದುದು. ಅದಕ್ಕಿಂತ ಏಳು ಸಾವಿರ ಅಡಿ ಎತ್ತರವಾದ ಎವರೆಸ್ಟನ್ನು ಸಾವಿರಾರು ಜನರು ಏರಿದ್ದಾರೆ. ಕೈಲಾಸದ ತುದಿಯನ್ನು ಇಂದಿನವರೆಗೆ ಏರಿದವರೆಂದು ದಾಖಲೆಯಾದವರಿಲ್ಲ. ಭಕ್ತರು ಅದನ್ನು ಸುತ್ತಿಬರುತ್ತಾರೆ. ಆ ಪ್ರದಕ್ಷಿಣೆಯು ಸುಮಾರು ೫೨ ಕಿಲೋಮೀಟರ್. ೨೦೨೦ರಿಂದ ನಿಂತಿದ್ದ ಆ ಯಾತ್ರೆಯು ೨೦೨೫ರಲ್ಲಿ ಮತ್ತೆ ಆರಂಭವಾಯಿತು. ಶಿವನ ನೆಲೆಯೆಂದು ಲೋಕವು ನಂಬಿದ ಶಿಖರದ ಮೇಲೆ ಕಾಲಿಡದೆ, ಅದರ ಸುತ್ತ ನಡೆದು ಕೈಮುಗಿಯುವುದರಲ್ಲಿಯೇ ಭಕ್ತಿಯು ಪೂರ್ಣವೆನಿಸುತ್ತದೆ. ಎಲ್ಲ ಎತ್ತರಗಳೂ ತುಳಿಯುವುದಕ್ಕಾಗಿ ಇರುವುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಷಟ್‌ಸ್ಥಲವನ್ನು ಕುರಿತು ಯೋಚಿಸುವಾಗಲೂ ಇದೇ ಎಚ್ಚರವು ಬೇಕು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಮೆಟ್ಟಿಲುಗಳೆಂದು ಹೇಳುವುದು ವಾಡಿಕೆ. ಮೆಟ್ಟಿಲೆಂದೊಡನೆ ಕೆಳಗಿನದನ್ನು ಬಿಟ್ಟು ಮೇಲಿನದನ್ನು ಹಿಡಿಯುವುದೆಂಬ ಭಾವವು ಬರುತ್ತದೆ. ಆದರೆ ಐಕ್ಯನಲ್ಲಿ ಭಕ್ತನು ಅಳಿದುಹೋಗಿರುವುದಿಲ್ಲ. ಭಕ್ತಿಯೇ ಅಲ್ಲಿ ಪೂರ್ಣವಾಗಿರುತ್ತದೆ. ಪರ್ವತದ ತುದಿಯಲ್ಲಿ 'ನಾನು ಏರಿದೆ' ಎಂದು ನಿಂತು ಚಿತ್ರ ತೆಗೆಸಿಕೊಳ್ಳುವುದಕ್ಕೆ ಒಬ್ಬನು ಉಳಿದಿರುತ್ತಾನೆ. ಐಕ್ಯಸ್ಥಲದಲ್ಲಿ ಹಾಗೆ ಹೇಳಿಕೊಳ್ಳುವುದಕ್ಕೆ ಯಾರೂ ಉಳಿಯುವುದಿಲ್ಲ. ಆದುದರಿಂದ ಹೊರಗಣ ಶಿಖರವನ್ನು ಒಳಗಣ ಶಿಖರದ ಅಳತೆಗೋಲಾಗಿ ಹಿಡಿಯಲಾಗದು. ಹೀಗೆಂದಮಾತ್ರಕ್ಕೆ ಬೆಟ್ಟವನ್ನು ಏರುವುದೇ ವ್ಯರ್ಥವೆಂದು ಭಾವಿಸಬಾರದು. ಅಕ್ಕಮಹಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಕಾಡು ಗುಡ್ಡಗಳನ್ನು ಕಾಲ್ನಡಿಗೆಯಿಂದ ದಾಟಿ ಶ್ರೀಶೈಲವನ್ನು ಸೇರಿದಳು. ದೇಹವನ್ನು ದಣಿಸಿ, ಹಸಿವು ಚಳಿಗಳನ್ನು ಸಹಿಸಿ, ಮಾತು ಕಡಿಮೆಮಾಡಿ, ಸೃಷ್ಟಿಯ ಹಿರಿಮೆಯ ಮುಂದೆ ನಿಲ್ಲುವುದು ಮನಸ್ಸಿಗೆ ಒಳ್ಳೆಯ ಔಷಧವೇ. ಹೋಗುವ ತರುಣರನ್ನು ತಡೆಯುವುದಕ್ಕಿಂತ ಅವರಿಗೆ ಬುತ್ತಿಯೊಡನೆ ಬುದ್ಧಿಯನ್ನೂ ಕಟ್ಟಿ ಕಳುಹಿಸುವುದು ಲೇಸು.

ಆ ಬುದ್ಧಿಯಾದರೂ ಬಹಳವಿಲ್ಲ. ಮಗನೋ ಮಗಳೋ ಹೊರಟಾಗ ಹಿರಿಯರು ಹೀಗೆ ಹೇಳಬಹುದು: ಎತ್ತರಕ್ಕೆ ಮೈ ಒಗ್ಗುವವರೆಗೆ ಅವಸರಪಡಬೇಡ, ತಲೆನೋವು ಬಂದರೆ ಮುಚ್ಚಿಡಬೇಡ, ಅಲ್ಲಿಯ ಮಾರ್ಗದರ್ಶಿಯು ಹಿಮವನ್ನು ಓದಬಲ್ಲವನು, ಅದು ಅವನ ಕಾಯಕ, ಅವನು ಮರಳೆಂದರೆ ಮರಳು, ನಿನ್ನ ಗಂಟನ್ನು ಹೊರುವವನೂ ನಿನ್ನಂತೆಯೇ ಚಳಿಯನ್ನು ಅನುಭವಿಸುವವನೆಂಬುದನ್ನು ಮರೆಯಬೇಡ, ಕುಗ್ಗಿದವನನ್ನು ಒಂಟಿಯಾಗಿ ಬಿಡಬೇಡ. ಎಲ್ಲಕ್ಕಿಂತ ಮಿಗಿಲಾಗಿ ಹಿರಿಯರು ಹೇಳತಕ್ಕ ಮಾತೊಂದುಂಟು: 'ನೀನು ತುದಿಯನ್ನು ಮುಟ್ಟದೆ ಬಂದರೆ ಈ ಮನೆಯಲ್ಲಿ ಯಾರೂ ನಗುವುದಿಲ್ಲ.' ಎಷ್ಟೋ ತರುಣರನ್ನು ಅಪಾಯದ ಹೆಜ್ಜೆಗೆ ದೂಡುವುದು ಶಿಖರದ ಸೆಳೆತಕ್ಕಿಂತ ಊರವರ ನಗೆಯ ಭಯ. ಆ ಭಯವನ್ನು ತೆಗೆಯುವ ಅಧಿಕಾರವು ಗೃಹಸ್ಥರ ಕೈಯಲ್ಲಿದೆ. ಬರಿಯ ಹಿಮಾಲಯಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ಸಾಲ ಮಾಡಿ ಮದುವೆಯ ವೈಭವವನ್ನು ಏರಿಸುವವನಿಗೂ, ಮಳೆ ಬಾರದ ವರ್ಷದಲ್ಲಿ ಮೂರನೆಯ ಕೊಳವೆಬಾವಿಯನ್ನು ಕೊರೆಯಿಸುವವನಿಗೂ, ಪರೀಕ್ಷೆಯಲ್ಲಿ ಸೋತು ಮನೆಗೆ ಬರಲು ಅಂಜುವ ವಿದ್ಯಾರ್ಥಿಗೂ ಇದೇ ಮಾತು ಬೇಕು. ನಡುದಾರಿಯಿಂದ ಮರಳಿದವನಿಗೆ ಬಾಗಿಲು ತೆರೆದಿರುವ ಮನೆಯೇ ನಿಜವಾದ ಮಹಾಮನೆ.

ಮೈಲಾರದ ಗೊರವಯ್ಯನು ಉಪವಾಸವ್ರತವನ್ನು ಕೈಗೊಂಡು ಬಿಲ್ಲನ್ನೇರುವನಷ್ಟೆ. ಅವನು ಮೇಲೆಯೇ ಉಳಿಯುವುದಿಲ್ಲ. ಕೆಳಗಿರುವವರಿಗೆ ಒಂದು ಮಾತನ್ನು ಹೇಳುವುದಕ್ಕಾಗಿ ಏರುತ್ತಾನೆ, ಹೇಳಿದೊಡನೆ ಬೀಳುತ್ತಾನೆ, ಕೆಳಗೆ ಕೈಯೊಡ್ಡಿ ನಿಂತವರು ಅವನನ್ನು ಹಿಡಿಯುತ್ತಾರೆ. ಉಜ್ಜಿನಿಯ ಶಿಖರಕ್ಕೆ ಎರೆದ ಎಣ್ಣೆಯೂ ತುದಿಯಲ್ಲಿ ನಿಲ್ಲುವುದಿಲ್ಲ. ಕಲ್ಲುಕಲ್ಲನ್ನೂ ತೋಯಿಸುತ್ತ ಬುಡದವರೆಗೆ ಇಳಿದುಬರುತ್ತದೆ. ಏರಿದವನು ಇಳಿದುಬಂದು ತನ್ನವರಿಗೆ ಒದಗಿದಾಗಲೇ ಏರಿದ್ದು ಸಾರ್ಥಕ. ಏರುವುದಕ್ಕೆ ಧೈರ್ಯವನ್ನೂ, ಇಳಿಯುವುದಕ್ಕೆ ಅರಿವನ್ನೂ, ಇಳಿದುಬಂದವರನ್ನು ಎದುರುಗೊಳ್ಳುವುದಕ್ಕೆ ಅಂತಃಕರಣವನ್ನೂ ಪರಶಿವನು ನಮ್ಮೆಲ್ಲರಿಗೂ ಕರುಣಿಸಲಿ.